ಬೆನ್ನು ಹಾಕಿ ನೋಡುವುದು

ಗೋಣಿಕೊಪ್ಪಲಿನಲ್ಲಿ ರೇಸ್ ನೋಡಬೇಕೆಂದರೆ
ಮುದ್ದಯ್ಯನ ಗ್ಯಾರೇಜಿನ ಷಟರ್ ಅರ್ಧ ಇಳಿದಿರಬೇಕು,
ತಲೆ ತಗ್ಗಿಸಿ ನುಸುಳಬೇಕು, ಬೆಕ್ಕಿನ ಹಾಗೆ.
ಒಳಗೆ ಗೇರ್‌ಬಾಕ್ಸ್ ಬಿಚ್ಚಿಟ್ಟ ಜೀಪು,
ಬಾನೆಟ್ಟಿನ ಮೇಲೆ ಆಯಿಲ್ ಡಬ್ಬಿಗೆ ಒರಗಿಸಿದ ಫೋನು,
ಅದರ ಮುಂದೆ ನಾವು ಏಳು ಜನ, ಒಂದು ಪೊಟ್ಟಣ ಹುರಿಗಡಲೆ.
ಚಂದಾ ಕಟ್ಟುವವಳು ನಾನು,
ಪಾಸ್‌ವರ್ಡ್ ಊರಿಗೆಲ್ಲ ಗೊತ್ತು.

ಜಪಾನಿನ ರೇಸ್ ನಮಗೆ ತಿಂಡಿಯ ಹೊತ್ತಿಗೆ,
ಮೊನಾಕೊ ದೀಪ ಹಚ್ಚುವಾಗ,
ಬ್ರೆಜಿಲ್ಲಿನದು ನಾಯಿಗಳೂ ಮಲಗಿದ ಮೇಲೆ.
ಟೆಕ್ಸಾಸಿಗೆ ಮುದ್ದಯ್ಯ ಒಬ್ಬನೇ ಎಚ್ಚರ;
ಸೋಮವಾರ ಅವನು ಬಿಗಿದ ಬೋಲ್ಟುಗಳನ್ನು
ಮಂಗಳವಾರ ಹುಡುಗರು ಮತ್ತೆ ಬಿಗಿಯುತ್ತಾರೆ.

ಚಿತ್ರ ಆಗಾಗ ನಿಂತುಬಿಡುತ್ತದೆ.
ತಿರುವಿನಲ್ಲೇ ಹೆಪ್ಪುಗಟ್ಟಿದ ಕಾರು, ಸುತ್ತುವ ಬಿಳಿ ಉಂಗುರ.
ಆಗ ಅಂಕಿಗಳ ಪುಟ ತೆರೆಯುತ್ತೇನೆ,
ಅದಕ್ಕೆ ಒಂದು ಕಡ್ಡಿ ಸಿಗ್ನಲ್ ಸಾಕು:
ಹೆಸರಿಗೆ ಮೂರಕ್ಷರ, ಸುತ್ತಿಗೊಂದು ಸಮಯ,
ಹಳದಿ, ಹಸಿರು.
"ನೇರಳೆ!" ಎಂದು ನಾನು ಕೂಗಿದರೆ
ಗ್ಯಾರೇಜೇ ಎದ್ದು ನಿಲ್ಲುತ್ತದೆ,
ಕಾರು ಯಾರೂ ಕಂಡಿಲ್ಲ.

ಹಡಗಿನ ಜೋಯಪ್ಪ ಸಿಂಗಾಪುರದಾಚೆ ಲಂಗರು ಹಾಕಿದ ರಾತ್ರಿ
ಆಕಾಶದ ಒಂದು ಮೂಲೆ ಬೆಳ್ಳಗಿತ್ತಂತೆ.
ಅದೂ ನೋಡಿದ ಲೆಕ್ಕವೇ ಎಂದು ಅವನ ವಾದ.
ಮುದ್ದಯ್ಯ ಒಪ್ಪಲಿಲ್ಲ. ಒಂದು ವಾರ ಜಗಳ.

ವಿರಾಜಪೇಟೆಯ ಲಿಲ್ಲಿ ಇಟಲಿಯಲ್ಲಿ ನರ್ಸು.
ಅವಳು ನೋಡಿಕೊಳ್ಳುವ ಮುದುಕನ ಮನೆ
ಮೊಂಝಾದ ಉದ್ಯಾನದ ಗೋಡೆಗೆ ತಾಗಿಕೊಂಡೇ.
ಟೀವಿ ಹಾಕಗೊಡುವುದಿಲ್ಲ ಅವನು,
ಕಿಟಕಿ ತೆರೆಸಿ ಕಣ್ಣು ಮುಚ್ಚಿ ಕೂರುತ್ತಾನೆ,
ಸದ್ದು ಕೇಳಿ ಸುತ್ತಿಗೊಂದು ಬೆರಳು ಮಡಚುತ್ತಾನೆ.
"ಐವತ್ತಮೂರು ಸುತ್ತಿಗೆ ಈ ಸಲ ಐವತ್ತೇ ಎಣಿಸಿದ,
ನಾನು ಹೇಳಲಿಲ್ಲ" ಎಂದು ಬರೆದಿದ್ದಳು.

ಹಂಝನದು ಬೇರೆಯೇ.
ಬಹರೇನಿನಲ್ಲಿ ಅವನು ಸೆಕ್ಯೂರಿಟಿ.
ವರ್ಷಕ್ಕೆ ಮೂರು ದಿನ ಟ್ರ್ಯಾಕಿನಿಂದ ಹತ್ತು ಮಾರು ದೂರದಲ್ಲಿ,
ನಮ್ಮಲ್ಲಿ ಯಾರೂ ಹೋಗದಷ್ಟು ಹತ್ತಿರ ನಿಲ್ಲುತ್ತಾನೆ,
ಬೆನ್ನು ಹಾಕಿ.
ಜನರ ಮೇಲೆ ಕಣ್ಣಿಡಬೇಕು, ತಿರುಗಿದರೆ ಸಂಬಳ ಕಟ್.
ಒಮ್ಮೆ ನಲವತ್ತು ಸೆಕೆಂಡಿನ ವಿಡಿಯೊ ಕಳಿಸಿದ್ದ:
ಒಂದೂ ಕಾರಿಲ್ಲ.
ಸಾವಿರ ಕತ್ತುಗಳು ಎಡದಿಂದ ಬಲಕ್ಕೆ
ಗಾಳಿ ಹಾದ ಭತ್ತದ ಗದ್ದೆಯ ಹಾಗೆ,
ಕಿವಿ ಮುಚ್ಚಿಕೊಂಡು ನಗುವ ಒಬ್ಬ ಹುಡುಗಿ.
ಮುದ್ದಯ್ಯ ಮೂರು ಸಲ ನೋಡಿ
"ಯಾರು ಗೆದ್ದದ್ದು?" ಅಂದ.

ಫೆಬ್ರವರಿಯಲ್ಲಿ ಹಂಝ ರಜೆಗೆ ಬಂದ.
ಪೊನ್ನಂಪೇಟೆಯಾಚೆ ಕೊಯ್ಲಾದ ಗದ್ದೆಯಲ್ಲಿ ನಮ್ಮ ರೇಸು.
ಬದುವಿನ ಮೇಲೆ ಹಗ್ಗ, ಪ್ರವೇಶ ಉಚಿತ, ಧೂಳೂ ಉಚಿತ.
ಸ್ಟಾಪ್‌ವಾಚು ನನ್ನ ಕೈಗೆ.
ಸಮಯ ಹಿಡಿಯುವವಳಿಗೆ ರೇಸ್ ಕಾಣುವುದಿಲ್ಲ,
ಸುಣ್ಣದ ಗೆರೆ ಕಾಣುತ್ತದೆ, ಅದರ ಮೇಲೆ ಒಂದು ಚಕ್ರ, ಅಷ್ಟೇ.
ಎಂಟು ವರ್ಷದಿಂದ ಅಣ್ಣ ಓಡಿಸುವುದನ್ನು ನಾನು ನೋಡಿಲ್ಲ.

"ಮುಂದೆ ಬಾ ಹಂಝ, ಇವತ್ತಾದರೂ ಸರಿಯಾಗಿ ನೋಡು"
ಎಂದು ಹಗ್ಗದ ಬಳಿಯೇ ಜಾಗ ಬಿಟ್ಟರು.
ಬಂದ. ನಿಂತ.
ಅಣ್ಣನ ಜಿಪ್ಸಿ ಗುಡುಗಿದ್ದೇ ತಡ
ಅವನ ಕಾಲುಗಳು ತಾವಾಗಿಯೇ ತಿರುಗಿದವು,
ಕೈ ಹಿಂದೆ ಕಟ್ಟಿ, ನಮ್ಮ ಕಡೆ ಮುಖ.
ಯಾರೋ ನಕ್ಕರು.
ಗೆರೆ ಬಿಟ್ಟು ನಾನು ಕಣ್ಣೆತ್ತುವಂತಿರಲಿಲ್ಲ.

"ಏನಾಗ್ತಿದೆ ಹಂಝ?"
"ಮೊದಲ ತಿರುವು ಚೆನ್ನಾಗಿ ತಗೊಂಡ, ಮುದ್ದಯ್ಯ ಬಾಯಿ ಮುಚ್ಚಿದ.
ಎರಡನೇದು... ಇರು.
ಬದು ತಾಗಿತು. ನಿನ್ನ ಅತ್ತಿಗೆ ಸೆರಗು ಕಚ್ಚಿದಳು.
ಇಲ್ಲ, ಬಿಟ್ಟಳು.
ಬರ್ತಿದ್ದಾನೆ ದೇಚು, ಬೆರಳು ಗಟ್ಟಿ ಇಟ್ಕೋ."

ಚಕ್ರ. ಗೆರೆ. ಒತ್ತಿದೆ.
ಒಂದು ನಿಮಿಷ ಹನ್ನೆರಡು, ಮೇಲೆ ನಾಲ್ಕು.
ತಲೆಯೆತ್ತುವಷ್ಟರಲ್ಲಿ ಅಣ್ಣ ಧೂಳಿನೊಳಗೆ.
ಹಂಝ ಇನ್ನೂ ಜನರನ್ನೇ ಓದುತ್ತಿದ್ದ.
ಹಿಂದಿನ ಸಾಲಿನಲ್ಲಿ ಮೂಗಿಗೆ ತಟ್ಟ ಹಿಡಿದು ಕೂತಿದ್ದರು ಅವನ ಉಮ್ಮ,
ಅಷ್ಟು ಕತ್ತುಗಳು ಬಲಕ್ಕೆ ಹೊರಳಿದಾಗಲೂ
ಅವರದೊಂದು ಹೊರಳಿರಲಿಲ್ಲ.